ಗೇರ್ ಇಂಡಿಕೇಟರ್: ಆ ಅಂಕಿ ಯಾವುದರದ್ದು?

“ಅವರು ಸಿಂಹಗಡ ಕೋಟೆಯ ಏರನ್ನು ಪೂರ್ತಿ ಐದನೇ ಗೇರಿನಲ್ಲೇ ಹತ್ತಿದರಂತೆ” ಎಂಬ ಬಗೆಯ ಮಾತು ಪುಣೆಯ ಕನ್ನಡಿಗ ಸೈಕಲ್ ಸವಾರರ ನಡುವೆ ಈಚೆಗೆ ಪದೇ ಪದೇ ಕಿವಿಗೆ ಬೀಳುತ್ತಿದೆ. ಹೇಳುವವರ ದನಿಯಲ್ಲಿ ಮೆಚ್ಚುಗೆ ಇರುತ್ತದೆ, ಕೇಳುವವರು ತಲೆದೂಗುತ್ತಾರೆ. ಯಾವ ಐದನೇ ಗೇರ್ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಮುಂದೆ ಪೆಡಲಿನ ಬಳಿ ಯಾವ ಹಲ್ಲುಚಕ್ರ, ಅಂದರೆ ಚೈನ್‌ರಿಂಗ್ ಇತ್ತು, ಹಿಂದಿನ ಕ್ಯಾಸೆಟ್ಟಿನ, ಅಂದರೆ ಹಲ್ಲುಚಕ್ರಗಳ ಗೊಂಚಲಿನ, ಐದನೆಯ ಚಕ್ರಕ್ಕೆ ಎಷ್ಟು ಹಲ್ಲು ಎಂಬುದನ್ನು ಹೇಳದ ಹೊರತು ಆ ವಾಕ್ಯದಿಂದ ಸವಾರನ ಸಾಮರ್ಥ್ಯದ ಬಗ್ಗೆ ಏನೂ ತಿಳಿಯುವುದಿಲ್ಲ. “ಗೇರ್ ತೋರಿಸುವ ಸೈಕಲ್ ಕಂಪ್ಯೂಟರ್ ಯಾವುದನ್ನು ಕೊಳ್ಳಲಿ?” ಎಂಬ ಪ್ರಶ್ನೆಯೂ ಹಲವು ಬಾರಿ ಇದೇ ಗೊಂದಲದ ಮೇಲೆ ನಿಂತಿರುವುದರಿಂದ, ಕೊಳ್ಳುವ ಮಾತಿಗೆ ಮೊದಲು ಆ ಅಂಕಿ ಯಾವುದನ್ನು ಸೂಚಿಸುತ್ತದೆ ಎಂಬುದನ್ನು ಬಿಡಿಸಿಕೊಳ್ಳಬೇಕು.

ಸೈಕಲ್ಲಿನ ಮಟ್ಟಿಗೆ ಗೇರ್ ಎಂದರೆ ಒಂದು ಅನುಪಾತ. ಮುಂದಿನ ಚೈನ್‌ರಿಂಗಿನ ಹಲ್ಲುಗಳ ಸಂಖ್ಯೆಯನ್ನು ಹಿಂದಿನ ಹಲ್ಲುಚಕ್ರದ (ಸ್ಪ್ರಾಕೆಟ್ಟಿನ) ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಭಾಗಲಬ್ಧವದು. ಪೆಡಲ್ ಒಂದು ಸುತ್ತು ಬಂದಾಗ ಹಿಂದಿನ ಚಕ್ರ ಎಷ್ಟು ಸುತ್ತು ತಿರುಗುತ್ತದೆ ಎಂಬುದನ್ನು ಅದು ಹೇಳುತ್ತದೆ. ಈ ಅರ್ಥದಲ್ಲಿ ನೋಡಿದರೆ ಪೇಟೆಯಲ್ಲಿ ಹಾಲಿನ ಕ್ಯಾನು ಹೊತ್ತು ಓಡಾಡುವ ಸಾದಾ ಸೈಕಲ್ಲಿಗೂ ಗೇರ್ ಇದೆ, ಅದನ್ನು ಬದಲಿಸಲು ಬರುವುದಿಲ್ಲ ಅಷ್ಟೆ. ಆದ್ದರಿಂದ “ಗೇರ್ ಇಲ್ಲದ ಸೈಕಲ್” ಎಂಬ ರೂಢಿಯ ಮಾತು ಕೂಡ ಸಡಿಲವಾದದ್ದೇ. ಇಂಗ್ಲಿಷಿನ ಈ ಪದದ ಮೂಲ ಸಜ್ಜು, ಸಲಕರಣೆ ಎಂಬ ಅರ್ಥದ ಹಳೆಯ ನಾರ್ಸ್ ಭಾಷೆಯ ‘ಗೆರ್ವಿ’. ಹಲ್ಲುಚಕ್ರಗಳ ಅರ್ಥ ಅದಕ್ಕೆ ಅಂಟಿಕೊಂಡದ್ದು ಬಹಳ ತಡವಾಗಿ. (ಗೋವೆಯ ದಾರಿಯಲ್ಲಿ ಸಿಗುವ ಗೇರುಹಣ್ಣಿಗೂ ಇದಕ್ಕೂ ಯಾವ ನಂಟೂ ಇಲ್ಲ.)

ಗೊಂದಲ ಹುಟ್ಟಿದ್ದು ಮೋಟಾರ್‌ಸೈಕಲ್ಲಿನಿಂದ ಎಂದು ನನ್ನ ಅನುಮಾನ. ಅಲ್ಲಿ ಗೇರ್‌ಗಳದ್ದು ಒಂದೇ ಸಾಲು. ಮೂರನೆಯದು ಎರಡನೆಯದರ ಮೇಲೆ, ನಾಲ್ಕನೆಯದರ ಕೆಳಗೆ, ಮಧ್ಯೆ ಬೇರೆ ಯಾವುದೂ ನುಸುಳುವುದಿಲ್ಲ. ರಸ್ತೆ ಸೈಕಲ್ಲಿನಲ್ಲಿ ಇರುವುದು ಒಂದರ ಮೇಲೊಂದು ಹಾಯ್ದುಹೋಗುವ ಎರಡು ಸಾಲುಗಳು. ತೀರಾ ಸಾಮಾನ್ಯವಾದ ಜೋಡಣೆಯನ್ನೇ ತೆಗೆದುಕೊಳ್ಳಿ: ಮುಂದೆ 50 ಮತ್ತು 34 ಹಲ್ಲುಗಳ ಎರಡು ಚೈನ್‌ರಿಂಗುಗಳು, ಹಿಂದೆ 11ರಿಂದ 28ರವರೆಗಿನ, ಅಂದರೆ 11, 12, 13, 14, 15, 17, 19, 21, 23, 25, 28 ಹಲ್ಲುಗಳ ಹನ್ನೊಂದು ಚಕ್ರಗಳ ಕ್ಯಾಸೆಟ್. ರೂಢಿಯಂತೆ ಮುಂದಿನ ಚಿಕ್ಕ ರಿಂಗ್ ಒಂದನೆಯದು, ದೊಡ್ಡದು ಎರಡನೆಯದು. ಹಿಂದಿನ ಎಣಿಕೆ ಅತಿ ದೊಡ್ಡ ಚಕ್ರದಿಂದ ಆರಂಭವಾಗುವುದರಿಂದ 28 ಹಲ್ಲಿನದು ಒಂದನೆಯದು, 11 ಹಲ್ಲಿನದು ಹನ್ನೊಂದನೆಯದು. ಈಗ ಪರದೆಯ ಮೇಲೆ ‘2-2’ ಎಂದು ಬಂದರೆ 50ನ್ನು 25ರಿಂದ ಭಾಗಿಸಬೇಕು, ಉತ್ತರ 2. ‘1-6’ ಎಂದು ಬಂದರೆ 34ನ್ನು 17ರಿಂದ. ಉತ್ತರ ಮತ್ತೆ 2. ಅಂಕಿಗಳು ಎಷ್ಟೇ ದೂರವಿದ್ದರೂ ಕಾಲಿಗೆ ತಿಳಿಯುವುದು ಒಂದೇ ಗೇರ್. ಇನ್ನು ಆ ಪ್ರಸಿದ್ಧ ಐದನೇ ಗೇರಿನ ವಿಷಯ: ಅದು ಚಿಕ್ಕ ರಿಂಗಿನಲ್ಲಿ 34ಕ್ಕೆ 19, ಅಂದರೆ 1.79, ದೊಡ್ಡ ರಿಂಗಿನಲ್ಲಿ 50ಕ್ಕೆ 19, ಅಂದರೆ 2.63. ದೊಡ್ಡ ರಿಂಗಿನ ‘ಒಂದನೇ ಗೇರ್’ 50ಕ್ಕೆ 28, ಅದೂ 1.79. ಒಬ್ಬನ ಐದು ಇನ್ನೊಬ್ಬನ ಒಂದಕ್ಕೆ ಸಮವಾದ ಮೇಲೆ ಯಾವುದನ್ನು ಮೆಚ್ಚಬೇಕು? ಮುಂದೆ 28, ಹಿಂದೆ 18 ಹಲ್ಲಿನಲ್ಲಿ ತುಳಿಯುವ ಹೈಬ್ರಿಡ್ ಸೈಕಲ್ಲಿನವರ ಐದನೆಯದು 1.56 ಆಗಿರಬಹುದು, ಅವರು ಸುಳ್ಳು ಹೇಳುತ್ತಿಲ್ಲ, ಹೋಲಿಕೆಗೆ ಬಾರದ ಅಂಕಿಯನ್ನು ಹೇಳುತ್ತಿದ್ದಾರೆ.

ಸಿಂಹಗಡದ ಕಡಿದಾದ ತಿರುವೊಂದರಲ್ಲಿ ವೇಗ ಗಂಟೆಗೆ 8 ಕಿಲೋಮೀಟರಿಗೆ ಇಳಿಯಿತೆಂದುಕೊಳ್ಳಿ. 25 ಮಿಲಿಮೀಟರ್ ಟೈರಿನ 700ಸಿ (ರಸ್ತೆ ಸೈಕಲ್ಲಿನ ಸಾಮಾನ್ಯ ಅಳತೆಯ) ಚಕ್ರದ ಸುತ್ತಳತೆ 2105 ಮಿಲಿಮೀಟರ್ ಎಂದು ಹಿಡಿದರೆ, 34ಕ್ಕೆ 19ರ ಗೇರಿನಲ್ಲಿ ಆ ವೇಗಕ್ಕೆ ನಿಮಿಷಕ್ಕೆ ಸುಮಾರು 35 ತುಳಿತ ಸಾಕು, 50ಕ್ಕೆ 19ರಲ್ಲಿ ಬರೀ 24. ಅಂಥ ನಿಧಾನದ ತುಳಿತದಲ್ಲಿ ಗಡ ಹತ್ತಿದವರ ಮೊಣಕಾಲುಗಳ ಬಗ್ಗೆ ನನಗೆ ಮೆಚ್ಚುಗೆಗಿಂತ ಕಾಳಜಿಯೇ ಹೆಚ್ಚು. 34ಕ್ಕೆ 28ರಲ್ಲಿ ಅದೇ ವೇಗಕ್ಕೆ 52 ತುಳಿತ ಬೇಕು, ಹಿಂದೆ 32 ಹಲ್ಲಿನ ಚಕ್ರವಿದ್ದರೆ 60. ಪುಣೆಯ ಸುತ್ತಲಿನ ಘಾಟುಗಳನ್ನು ಹತ್ತುವ ಮನಸ್ಸಿರುವವರು ಇಂಡಿಕೇಟರಿಗೆ ಇಟ್ಟ ಹಣವನ್ನು ಮೊದಲು 32 ಅಥವಾ 34 ಹಲ್ಲಿನವರೆಗೆ ಹೋಗುವ ಕ್ಯಾಸೆಟ್ಟಿಗೆ ಹಾಕುವುದು ಜಾಣತನ. ಹಿಂದಿನ ಡಿರೇಲರ್, ಅಂದರೆ ಚೈನನ್ನು ಚಕ್ರದಿಂದ ಚಕ್ರಕ್ಕೆ ಸರಿಸುವ ಭಾಗ, ಅಷ್ಟು ದೊಡ್ಡ ಚಕ್ರವನ್ನು ತಾಳುತ್ತದೆಯೇ ಎಂದು ಅಂಗಡಿಯಲ್ಲಿ ಕೇಳಿಕೊಂಡ ಮೇಲೆ.

‘ದೊಡ್ಡ ಗೇರ್’ ಎಂಬ ಮಾತಂತೂ ಇನ್ನೂ ಅಪಾಯಕಾರಿ. ಮುಂದೆ ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಏರಿದರೆ ತುಳಿತ ಭಾರವಾಗುತ್ತದೆ, ಹಿಂದೆ ದೊಡ್ಡದಕ್ಕೆ ಏರಿದರೆ ಹಗುರವಾಗುತ್ತದೆ. ದಿವೆ ಘಾಟಿನ ಬುಡದಲ್ಲಿ ಹೊಸಬರಿಗೆ “ದೊಡ್ಡದಕ್ಕೆ ಹಾಕಿ” ಎಂದು ಕೂಗಿದರೆ, ಅವರು ಮುಂದಿನ ಲಿವರನ್ನು ಒತ್ತಿ, ಚೈನನ್ನು ಐವತ್ತು ಹಲ್ಲಿಗೆ ಏರಿಸಿ, ಹತ್ತು ಮಾರು ಹೋಗುವಷ್ಟರಲ್ಲಿ ಕಾಲೂರಿ ನಿಲ್ಲುತ್ತಾರೆ. ಅನುಪಾತ ಹೆಚ್ಚಿದ್ದರೆ ಹೈ, ಕಡಿಮೆಯಿದ್ದರೆ ಲೋ. ಅದು ಬೇಡವೆಂದರೆ ಹಗುರದ ಗೇರ್, ಭಾರದ ಗೇರ್ ಎನ್ನಬಹುದು.

‘ಸ್ಪೀಡ್’ ಎಂಬ ಪದವನ್ನೂ ಅಂಗಡಿಗಳು ಇದೇ ರೀತಿ ಎಳೆದಾಡುತ್ತವೆ. ಬಿಡಿಭಾಗ ತಯಾರಿಸುವ ಕಂಪನಿಗಳು 11 ಸ್ಪೀಡ್ ಎಂದರೆ ಹಿಂದೆ ಹನ್ನೊಂದು ಚಕ್ರಗಳಿವೆ ಎಂದರ್ಥ. ಹೈಬ್ರಿಡ್ ಸೈಕಲ್ಲಿನ ಮೇಲೆ 21 ಸ್ಪೀಡ್ ಎಂದು ಬರೆದಿದ್ದರೆ ಅದು ಮುಂದಿನ ಮೂರನ್ನು ಹಿಂದಿನ ಏಳರಿಂದ ಗುಣಿಸಿದ ಲೆಕ್ಕ. ಆ ಲೆಕ್ಕದಲ್ಲಿ ಮೇಲಿನ ಜೋಡಣೆ 22 ಸ್ಪೀಡಿನದು, ಆದರೆ ಅದರಲ್ಲಿ ಹಲವು ಜೋಡಿಗಳು ಒಂದನ್ನೊಂದು ಹೋಲುವುದನ್ನು ಈಗಷ್ಟೇ ಕಂಡೆವು.

ಅನುಪಾತವನ್ನು ಹೇಳಲು ಅಂಕಿಗಿಂತ ಒಳ್ಳೆಯ ಅಳತೆಗಳು ಬಹಳ ಹಿಂದಿನಿಂದಲೇ ಇವೆ. ಎತ್ತರದ ಮುಂಚಕ್ರದ ಹಳೆಯ ಸೈಕಲ್ಲಿನಲ್ಲಿ ಪೆಡಲ್ ನೇರವಾಗಿ ಆ ಚಕ್ರಕ್ಕೇ ಜೋಡಣೆಯಾಗಿತ್ತು, ಹಾಗಾಗಿ ಚಕ್ರದ ವ್ಯಾಸವೇ ಅದರ ಗೇರ್ ಆಗಿತ್ತು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಬಂದು, ಚೈನಿನಿಂದ ಹಿಂದಿನ ಚಕ್ರ ತಿರುಗುವ ಪದ್ಧತಿ ನೆಲೆನಿಂತ ಮೇಲೂ, ಈ ಗೇರ್ ಎಷ್ಟು ಇಂಚಿನ ಮುಂಚಕ್ರಕ್ಕೆ ಸಮ ಎಂದು ಲೆಕ್ಕ ಹಾಕುವ ರೂಢಿ ಉಳಿದುಕೊಂಡಿತು. ಅದೇ ‘ಗೇರ್ ಇಂಚು’. ನಮ್ಮ ಉದಾಹರಣೆಯ ಸೈಕಲ್ಲಿನಲ್ಲಿ 34ಕ್ಕೆ 28 ಸುಮಾರು 32 ಇಂಚು, 50ಕ್ಕೆ 11 ಸುಮಾರು 120 ಇಂಚು. ಪೆಡಲಿನ ಒಂದು ಸುತ್ತಿಗೆ ಸೈಕಲ್ ಎಷ್ಟು ಮೀಟರ್ ಸಾಗುತ್ತದೆ ಎಂಬುದು ಇನ್ನೊಂದು ಅಳತೆ. ಅದೇ ಎರಡು ಗೇರ್‌ಗಳಿಗೆ ಕ್ರಮವಾಗಿ 2.56 ಮತ್ತು 9.57 ಮೀಟರ್. ಮೆಟ್ರಿಕ್ ಪದ್ಧತಿಯಲ್ಲಿ ಓದಿದ ನಮಗೆ ಈ ಎರಡನೆಯದೇ ಸಹಜ.

ಇಂಡಿಕೇಟರುಗಳಲ್ಲಿ ಬಗೆಗಳಿವೆ, ಅವು ತೋರಿಸುವುದೂ ಬೇರೆ ಬೇರೆ. ಕೆಲವು ಕೇಬಲ್ ಶಿಫ್ಟರುಗಳ (ತಂತಿ ಎಳೆದು ಗೇರ್ ಬದಲಿಸುವ ಲಿವರುಗಳ) ಮೇಲಿನ ಪುಟ್ಟ ಕಿಟಕಿಯಲ್ಲಿ ಸರಿಯುವ ಮುಳ್ಳು ತೋರಿಸುವುದು ಲಿವರ್ ಎಲ್ಲಿದೆ ಎಂಬುದನ್ನು. ಕೇಬಲ್ ಸಡಿಲಾಗಿದ್ದರೆ ಚೈನ್ ಪಕ್ಕದ ಚಕ್ರದ ಮೇಲೆ ಕಿರುಗುಟ್ಟುತ್ತಿದ್ದರೂ ಮುಳ್ಳಿಗೆ ಅದು ತಿಳಿಯದು. ಬಿಡಿಭಾಗ ತಯಾರಿಸುವ ಶಿಮಾನೋ ಕಂಪನಿ ಒಂದು ಕಾಲಕ್ಕೆ ಫ್ಲೈಟ್ ಡೆಕ್ ಎಂಬ ಕಂಪ್ಯೂಟರನ್ನು ಮಾರುತ್ತಿತ್ತು. ಅದು ಗೇರ್ ಮತ್ತು ಚಕ್ರದ ವೇಗದಿಂದ ತುಳಿತದ ಗತಿಯನ್ನು, ಅಂದರೆ ಕೇಡೆನ್ಸನ್ನು, ಲೆಕ್ಕ ಹಾಕುತ್ತಿದ್ದುದರಿಂದ ಇಳಿಜಾರಿನಲ್ಲಿ ಕಾಲು ನಿಲ್ಲಿಸಿ ಕೂತವರಿಗೂ ಒಂದು ಕೇಡೆನ್ಸ್ ತೋರಿಸುತ್ತಿತ್ತು. ಶಿಮಾನೋದ ಡಿಐ2, ಸ್ರ್ಯಾಮ್‌ನ ಎಎಕ್ಸ್‌ಎಸ್ ಮುಂತಾದ ಎಲೆಕ್ಟ್ರಾನಿಕ್ ವ್ಯವಸ್ಥೆಗಳಲ್ಲಿ ಮಾತ್ರ ಗೇರಿನ ಸ್ಥಾನ ನಿಸ್ತಂತುವಾಗಿ ಕಂಪ್ಯೂಟರಿಗೆ ಬರುತ್ತದೆ. 12 ಸ್ಪೀಡಿನ ಡ್ಯುರಾ-ಏಸ್ ಮತ್ತು ಅಲ್ಟೆಗ್ರಾ ಡಿಐ2ಗಳಲ್ಲಿ ಅದಕ್ಕೆ ಬೇಕಾದ ಪ್ರಸಾರಕ ಹಿಂದಿನ ಡಿರೇಲರಿನಲ್ಲೇ ಇದೆ. ಹಳೆಯ 11 ಸ್ಪೀಡಿನ ಡಿಐ2ಗೆ ಬೇರೆ ಸಣ್ಣ ಘಟಕವೊಂದನ್ನು ಸೇರಿಸಬೇಕು. ಗಾರ್ಮಿನ್ ಎಡ್ಜ್ ಮಾದರಿಗಳಲ್ಲಿ ಸ್ಥಾನದ ಅಂಕಿಯ ಜೊತೆಗೆ ಅನುಪಾತವನ್ನೂ ಪರದೆಗೆ ತರಿಸಿಕೊಳ್ಳಬಹುದು, ಆದರೆ ಕ್ಯಾಸೆಟ್ ಬದಲಿಸಿದಾಗ ಹಲ್ಲುಗಳ ಮಾಹಿತಿಯೂ ಸರಿಯಾಗಿರಬೇಕು, ಇಲ್ಲವಾದರೆ ಇಲ್ಲದ ಗೇರಿನ ಅನುಪಾತ ಕಾಣಿಸುತ್ತದೆ.

ಈಗಿನ ಕೇಬಲ್ ಶಿಫ್ಟರಿನ ಸೈಕಲ್ಲಿನಿಂದ ಜಿಪಿಎಸ್ ಕಂಪ್ಯೂಟರಿಗೆ ಗೇರಿನ ಸುದ್ದಿ ಹೋಗುವ ದಾರಿಯೇ ಇಲ್ಲ. ದುಬಾರಿಯದನ್ನು ಕೊಂಡು ತಂದು, ಪರದೆಯಲ್ಲಿ ಗೇರಿನ ಜಾಗದಲ್ಲಿ ಬರೀ ಗೀಟುಗಳು ಕಾಣುತ್ತವೆಂದು ದೂರುವವರು ಇದನ್ನು ಮೊದಲೇ ವಿಚಾರಿಸಬಹುದಿತ್ತು. ವೇಗ ಮತ್ತು ಕೇಡೆನ್ಸ್ ಸೆನ್ಸರುಗಳಿದ್ದರೆ ಅನುಪಾತವನ್ನು ಊಹಿಸಲು ಬರುತ್ತದೆ: ಗಂಟೆಗೆ 20 ಕಿಲೋಮೀಟರ್, ನಿಮಿಷಕ್ಕೆ 80 ತುಳಿತ ಎಂದರೆ ಒಂದು ತುಳಿತಕ್ಕೆ 4.17 ಮೀಟರ್, ಅದನ್ನು 2.105ರಿಂದ ಭಾಗಿಸಿದರೆ 1.98. ಹತ್ತಿರದ ಅನುಪಾತ 2 ಎಂದು ತಿಳಿಯುತ್ತದೆ, ಅದು ‘2-2’ ಹೌದೋ ‘1-6’ ಹೌದೋ ಎಂಬುದು ತಿಳಿಯುವುದಿಲ್ಲ. ತಿಳಿಯಬೇಕಾಗಿಯೂ ಇಲ್ಲ.

ನನ್ನ ಮಟ್ಟಿಗೆ ಸ್ಥಾನದ ಅಂಕಿಗೆ ಉಪಯೋಗವಿರುವ ಸಂದರ್ಭಗಳು ಎರಡೇ. ಘಾಟು ಹತ್ತುವಾಗ ಹಿಂದೆ ಇನ್ನೊಂದು ಹಗುರದ ಚಕ್ರ ಉಳಿದಿದೆಯೇ ಎಂದು ತಲೆ ಬಗ್ಗಿಸಿ ಹುಡುಕದೆ ತಿಳಿಯುವುದು ಒಂದು. ರಾತ್ರಿಯ ಬ್ರೆವೆಯಲ್ಲಿ (ಕಾಲಮಿತಿಯೊಳಗೆ ಮುಗಿಸಬೇಕಾದ ದೂರದ ಸವಾರಿಯಲ್ಲಿ) ಕ್ಯಾಸೆಟ್ ಕಾಣದಿದ್ದಾಗ ಇದರ ಬೆಲೆ ಹೆಚ್ಚು. ಮುಂದೆ ದೊಡ್ಡದು, ಹಿಂದೆಯೂ ದೊಡ್ಡದು ಎಂಬ ಓರೆ ಜೋಡಿಯಲ್ಲಿ ಚೈನನ್ನು ಮೈಲುಗಟ್ಟಲೆ ಸವೆಸುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು ಇನ್ನೊಂದು. ಮುಂದೆ ಒಂದೇ ಚೈನ್‌ರಿಂಗ್ ಇರುವ ಸೈಕಲ್ಲಿಗೆ ಎರಡನೆಯ ಕಾರಣವೂ ಬಹುಮಟ್ಟಿಗೆ ಬಿದ್ದುಹೋಗುತ್ತದೆ. ಮಿಕ್ಕಂತೆ ಗೇರ್ ಸರಿಯಿದೆಯೇ ಎಂದು ಹೇಳುವುದು ಕೇಡೆನ್ಸ್. ಆದ್ದರಿಂದ ಕೇಬಲ್ ಶಿಫ್ಟರಿನವರು ಆ್ಯಂಟ್ ಪ್ಲಸ್ ಅಥವಾ ಬ್ಲೂಟೂತ್ ಸೆನ್ಸರುಗಳನ್ನು ಹಿಡಿಯುವ ಸಾಧಾರಣ ಜಿಪಿಎಸ್ ಕಂಪ್ಯೂಟರ್ ಮತ್ತು ಒಂದು ಕೇಡೆನ್ಸ್ ಸೆನ್ಸರ್ ಕೊಂಡರೆ ಸಾಕು. ಎಲೆಕ್ಟ್ರಾನಿಕ್ ಶಿಫ್ಟರಿನವರು ತಮ್ಮ ವ್ಯವಸ್ಥೆಯ ಜೊತೆ ಮಾತಾಡುವ ಮಾದರಿಯನ್ನೇ ಕೇಳಿ ಕೊಳ್ಳಬೇಕು. 600 ಕಿಲೋಮೀಟರಿನ ಬ್ರೆವೆಗೆ ಕಾಲಮಿತಿ 40 ಗಂಟೆಯಾದ್ದರಿಂದ, ಅಂಥದ್ದಕ್ಕೆ ಹೋಗುವವರು ಓಡುತ್ತಲೇ ಚಾರ್ಜ್ ಆಗುವ ಕಂಪ್ಯೂಟರನ್ನು ಆರಿಸಬೇಕು. ಏರಿನ ಪ್ರಮಾಣವನ್ನು ವಾಯುಒತ್ತಡದಿಂದ ಅಳೆಯುವ ಮಾದರಿಗಳಲ್ಲಿ ಮಳೆಗಾಲದ ನೀರು ಸಣ್ಣ ರಂಧ್ರವನ್ನು ಮುಚ್ಚಿದರೆ ಏರೇ ಇಲ್ಲದಂತೆ ತೋರುವುದುಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯಲ್ಲಿ ಆ ಅಂಕಿಯನ್ನು ಪೂರ್ತಿ ನಂಬಬಾರದು.

ಹಳೆಯ ಕಾತ್ರಜ್ ಸುರಂಗದಂಥ ಕಡೆ ಜಿಪಿಎಸ್ ತಡವರಿಸುವುದರಿಂದ ಚಕ್ರಕ್ಕೆ ವೇಗದ ಸೆನ್ಸರ್ ಕಟ್ಟಿಕೊಂಡವರು ಸುತ್ತಳತೆಯನ್ನು ಒಮ್ಮೆ ನೋಡಿಕೊಳ್ಳಬೇಕು. 25ರ ಬದಲು 28 ಮಿಲಿಮೀಟರ್ ಟೈರ್ ಹಾಕಿಸಿದರೆ ಅದು 2136 ಮಿಲಿಮೀಟರ್ ಆಗುತ್ತದೆ. ಕಂಪ್ಯೂಟರಿನಲ್ಲಿ 2105 ಎಂದೇ ಉಳಿದಿದ್ದರೆ 200 ಕಿಲೋಮೀಟರ್ ತುಳಿದವರಿಗೆ 197 ಎಂದು ತೋರುತ್ತದೆ. ತಾನಾಗಿ ಅಳೆದುಕೊಳ್ಳುವ ಸೌಲಭ್ಯ ಬಹುತೇಕ ಜಿಪಿಎಸ್ ಮಾದರಿಗಳಲ್ಲಿದೆ, ಅದನ್ನು ಚಾಲೂ ಮಾಡಿರಬೇಕು.