ಹೊಸತೊಡಕಿನ ಮಾರನೆಯ ದಿನ

ಯುಗಾದಿ ಕಳೆದ ಮಾರನೆಯ ದಿನ ಹೊಸತೊಡಕು. ಹೊಸತೊಡಕು ಕಳೆದ ಮಾರನೆಯ ದಿನ ನನ್ನ ಕ್ಲಿನಿಕ್‌ನಲ್ಲಿ ಕೂರಲು ಜಾಗ ಇರುವುದಿಲ್ಲ. ಮೊದಲ ದಿನ ಒಬ್ಬಟ್ಟು, ತುಪ್ಪ, ಒಬ್ಬಟ್ಟಿನ ಸಾರು. ಎರಡನೇ ದಿನ ಗುಡ್ಡೆ ಬಾಡು, ಬೋಟಿ, ಮುದ್ದೆ. ಮೂರನೇ ದಿನ ನಾನು. ಸೋಮವಾರವೋ ಶನಿವಾರವೋ ಬಿದ್ದು ಬಾಡೂಟ ಒಂದು ದಿನ ಮುಂದಕ್ಕೆ ಹೋದರೆ ನನ್ನ ಕೆಲಸವೂ ಒಂದು ದಿನ ಮುಂದಕ್ಕೆ ಹೋಗುತ್ತದೆ, ಅಷ್ಟೇ.

ಮೊದಲೆಲ್ಲ ಹೀಗೆ ಬರುತ್ತಿದ್ದವರು ಮೂಗಿನ ಮಟ್ಟ ತಿಂದವರು. ಈಚೆಗೆ ಕೆಲವು ವರ್ಷದಿಂದ ಬೇರೆ ಥರದವರು ಸೇರಿಕೊಂಡಿದ್ದಾರೆ. ತಿಂಗಳುಗಟ್ಟಲೆ ಪಥ್ಯ ಮಾಡಿ, ತೂಕ ಇಳಿಸಿ, ಹಬ್ಬದಲ್ಲಿ ಎಲ್ಲರಿಗಿಂತ ಕಮ್ಮಿ ತಿಂದು, ಎಲ್ಲರಿಗಿಂತ ಜಾಸ್ತಿ ನರಳುವವರು.

"ನನ್ನ ತಮ್ಮ ಒಂಬತ್ತು ಒಬ್ಬಟ್ಟು ತಿಂದು ಗೊರಕೆ ಹೊಡೀತಾವ್ನೆ. ನಾನು ಮೂರು ತಿಂದು ರಾತ್ರಿಯೆಲ್ಲಾ ಎದ್ದು ಕೂತಿದ್ದೆ ಡಾಕ್ಟ್ರೇ."

ಹೀಗಂದವರಿಗೆ ಐವತ್ತೆರಡು ವರ್ಷ. ರೇಷ್ಮೆ ಸಾಕುತ್ತಾರೆ. ಶುಗರ್ ಬಾರ್ಡರ್‌ನಲ್ಲಿದೆ ಅಂತ ಯಾವುದೋ ಕ್ಯಾಂಪಿನಲ್ಲಿ ಹೇಳಿದ್ದೇ ತಡ, ಮನೆಯಲ್ಲಿ ಎಣ್ಣೆ ಡಬ್ಬ ಮುಚ್ಚಿಸಿಬಿಟ್ಟರು. ಒಗ್ಗರಣೆ ಇಲ್ಲದ ಬಸ್ಸಾರು, ಒಂದು ಮುದ್ದೆ, ರಾತ್ರಿ ಬರೀ ಮಜ್ಜಿಗೆ. ಎರಡು ತಿಂಗಳಲ್ಲಿ 14 ಕೆಜಿ ಇಳಿದಿತ್ತು. ಬೆಲ್ಟಿಗೆ ಮೊಳೆಯಿಂದ ಎರಡು ಹೊಸ ತೂತು ಹೊಡೆದುಕೊಂಡಿದ್ದರು. ಅದನ್ನು ತೋರಿಸುವಾಗ ಹೊಟ್ಟೆನೋವಲ್ಲೂ ಮುಖದಲ್ಲಿ ಹೆಮ್ಮೆ.

ಜೊತೆಗೆ ಬಂದಿದ್ದ ಮನೆಯವರ ವಾದವೇ ಬೇರೆ. ದೇಹ ಶುದ್ಧವಾಗಿದೆ, ಅದಕ್ಕೇ ಕೆಟ್ಟದ್ದನ್ನು ಆಚೆ ತಳ್ಳುತ್ತಿದೆ ಅಂತ ಅವರು ಮೊಬೈಲಲ್ಲಿ ನೋಡಿದ್ದರು. ಗಂಡನದು, "ಡಯಟ್ ಮಾಡೇ ನನ್ನ ಹೊಟ್ಟೆ ಕೆಟ್ಟೋಯ್ತು" ಅನ್ನುವ ವಾದ. ಇಬ್ಬರೂ ನನ್ನ ತೀರ್ಪಿಗೆ ಕಾಯುತ್ತಿದ್ದರು.

ನಾನು ಮೊದಲು ಲೆಕ್ಕ ಹಾಕಿದೆ. ಒಂದು ಒಬ್ಬಟ್ಟಿನ ಮೇಲೆ ಒಂದು ದೊಡ್ಡ ಚಮಚ ತುಪ್ಪ ಅಂದರೆ ಹತ್ತಿರ ಹತ್ತಿರ 14 ಗ್ರಾಂ ಕೊಬ್ಬು. ಮೂರಕ್ಕೆ 40 ಗ್ರಾಂ ದಾಟುತ್ತದೆ. ಬೇಯಿಸುವಾಗ ಹಾಕಿದ ಎಣ್ಣೆ ಬೇರೆ. ಎರಡು ತಿಂಗಳು ಈ ಮನುಷ್ಯ ದಿನಕ್ಕೆ ಒಂದು ಟೀ ಚಮಚ ಎಣ್ಣೆಯನ್ನೂ ನೋಡಿರಲಿಲ್ಲ. ಒಂದು ವಾರದಲ್ಲೂ ಒಳಗೆ ಹೋಗದಷ್ಟು ಒಂದೇ ಊಟದಲ್ಲಿ ಹೋಗಿದೆ. ಮಾರನೆಯ ದಿನ ಬೋಟಿ ಗೊಜ್ಜು, ಮೇಲೆ ತೇಲುವ ಕೊಬ್ಬಿನ ಸಾರು.

ಕೊಬ್ಬು ಕರಗಲು ಪಿತ್ತರಸ ಬೇಕು. ಮಂಡ್ಯದವರಿಗೆ ಇದನ್ನು ಹೇಳುವುದು ಸುಲಭ, ಯಾಕೆಂದರೆ ಇದು ಪೂರ್ತಿ ಕೆರೆ, ತೂಬು, ನಾಲೆಯ ಕಥೆ. ಲಿವರ್ ಹಗಲೂ ರಾತ್ರಿ ಪಿತ್ತರಸ ತಯಾರು ಮಾಡುತ್ತಿರುತ್ತದೆ, ದಿನಕ್ಕೆ ಅರ್ಧದಿಂದ ಒಂದು ಲೀಟರ್. ಅದರಲ್ಲಿ ಒಂದಷ್ಟು ಲಿವರ್ ಕೆಳಗಿರುವ ಪುಟ್ಟ ಚೀಲದಲ್ಲಿ ನಿಲ್ಲುತ್ತದೆ. ಅದೇ ಪಿತ್ತಕೋಶ. ಅದು ಹಿಡಿಯುವುದು 30ರಿಂದ 50 ಮಿಲಿಲೀಟರ್, ಒಂದು ಸಣ್ಣ ಲೋಟ ಕಾಫಿಗಿಂತ ಕಮ್ಮಿ. ನಿಂತಷ್ಟೂ ನೀರಿನಂಶ ಇಂಗಿ ರಸ ಗಟ್ಟಿಯಾಗುತ್ತದೆ. ನೀವು ಕೊಬ್ಬು ತಿಂದು ಅದು ಸಣ್ಣ ಕರುಳಿಗೆ ಇಳಿದಾಗ ಒಂದು ಹಾರ್ಮೋನು ಹೊರಡುತ್ತದೆ. "ನೀರು ಬಿಡಿ" ಅನ್ನುವ ಆರ್ಡರ್ ಇದ್ದ ಹಾಗೆ. ಪಿತ್ತಕೋಶ ಹಿಂಡಿಕೊಂಡು ರಸವನ್ನು ಕರುಳಿಗೆ ಬಿಡುತ್ತದೆ.

ತಿಂಗಳುಗಟ್ಟಲೆ ಎಣ್ಣೆಯೇ ಇಲ್ಲದಿದ್ದರೆ? ತೂಬು ಸರಿಯಾಗಿ ಎತ್ತುವುದೇ ಇಲ್ಲ. ರಸ ನಿಂತಲ್ಲೇ ನಿಲ್ಲುತ್ತದೆ, ಹೂಳು ತುಂಬುತ್ತದೆ. ಹೂಳು ಅನ್ನುವುದು ನನ್ನ ಹೋಲಿಕೆ ಅಂದುಕೊಳ್ಳಬೇಡಿ, ಸ್ಕ್ಯಾನ್ ರಿಪೋರ್ಟಿನಲ್ಲೇ ಸ್ಲಡ್ಜ್ ಅಂತ ಬರೆದಿರುತ್ತಾರೆ. ಇದರ ಜೊತೆಗೆ, ತೂಕ ಬೇಗ ಇಳಿಯುವಾಗ ಮೈಯ ಕೊಬ್ಬು ಕರಗಿ, ಲಿವರ್ ಪಿತ್ತರಸಕ್ಕೆ ಕೊಲೆಸ್ಟ್ರಾಲನ್ನು ಜಾಸ್ತಿ ಸುರಿಯುತ್ತದೆ. ನಿಂತ ನೀರು, ಮೇಲಿಂದ ಕೊಲೆಸ್ಟ್ರಾಲ್. ಕಲ್ಲು ಕಟ್ಟಲು ಇನ್ನೇನು ಬೇಕು? ವಾರಕ್ಕೆ ಒಂದೂವರೆ ಕೆಜಿಗಿಂತ ವೇಗವಾಗಿ ಇಳಿಯುವವರಲ್ಲಿ ಪಿತ್ತಕೋಶದ ಕಲ್ಲು ಜಾಸ್ತಿ ಕಾಣುತ್ತದೆ. ನಮ್ಮ ರೇಷ್ಮೆಯವರು ಆ ಗೆರೆಯನ್ನು ದಾಟಿದ್ದರು.

ಕಲ್ಲು ಸುಮ್ಮನೆ ಕೂತಿದ್ದರೆ ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ಹಬ್ಬದ ದಿನ ಒಂದೇ ಸಲ ತೂಬು ಎತ್ತಿದಾಗ ಅದು ಹೋಗಿ ಪಿತ್ತಕೋಶದ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಆಗ ನೋವು.

ಆ ನೋವಿನ ಗುರುತು ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕಡೆ ಎಲ್ಲಕ್ಕೂ "ಗ್ಯಾಸು" ಅನ್ನುತ್ತಾರೆ. ಊಟವಾಗಿ ಒಂದೆರಡು ಗಂಟೆಗೆ, ಹೆಚ್ಚಾಗಿ ರಾತ್ರಿ ಶುರುವಾಗುತ್ತದೆ. ಹೊಟ್ಟೆಯ ಮೇಲ್ಭಾಗದಲ್ಲಿ, ನಡುವೆ ಅಥವಾ ಬಲಗಡೆ ಪಕ್ಕೆಲುಬಿನ ಕೆಳಗೆ. ಬಲ ಹೆಗಲ ಹಿಂದಕ್ಕೂ ಎಳೆಯಬಹುದು. ಗ್ಯಾಸ್ ನೋವು ಬಂದು ಹೋಗಿ ಮಾಡುತ್ತದೆ, ತೇಗು ಬಂದರೆ, ಹೂಸು ಹೋದರೆ ಹಗುರಾಗುತ್ತದೆ. ಇದು ಹಾಗಲ್ಲ. ಏರಿ, ಅಲ್ಲೇ ನಿಂತು, ಅರ್ಧ ಗಂಟೆಯಿಂದ ಕೆಲವು ಗಂಟೆ ಹಿಂಡುತ್ತದೆ. ಮಗ್ಗುಲು ಬದಲಾಯಿಸಿದರೂ ಅಷ್ಟೇ, ಸೋಡಾ ಕುಡಿದರೂ ಅಷ್ಟೇ. ಐದಾರು ಗಂಟೆ ಕಳೆದರೂ ಬಿಡದಿದ್ದರೆ, ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ ಬೆಳಗಾಗಲಿ ಅಂತ ಕಾಯಬಾರದು. ಇನ್ನು ಎದೆ ಬಿಗಿದು, ಬೆವರು ಬಂದು, ಕೈಗೋ ದವಡೆಗೋ ನೋವು ಇಳಿದರೆ ಅದು ಹಾರ್ಟಿನದೇ ಅಂತ ತಿಳಿದು ಓಡಬೇಕು. ಭಾರೀ ಊಟವಾದ ಮೇಲೆ ಹೃದಯಕ್ಕೂ ಕೆಲಸ ಜಾಸ್ತಿ. ಅದನ್ನೂ ಗ್ಯಾಸು ಅಂದುಕೊಂಡು ಜೀರಿಗೆ ಕಷಾಯ ಕುಡಿಸುತ್ತಾ ಕೂತ ಮನೆಗಳನ್ನು ನಾನು ನೋಡಿದ್ದೇನೆ.

ರೇಷ್ಮೆಯವರನ್ನು ಸ್ಕ್ಯಾನಿಂಗ್‌ಗೆ ಕಳಿಸಿದೆ. ಅವರ ಕಥೆಗೆ ಆಮೇಲೆ ಬರುತ್ತೇನೆ.

ಎಲ್ಲರದೂ ಕಲ್ಲಿನ ಕಥೆಯಲ್ಲ. ಹೆಚ್ಚಿನವರದು ಬರೀ ಒಗ್ಗದ ಸಮಸ್ಯೆ. ಕೊಬ್ಬು ಕರುಳಿಗೆ ಇಳಿದಾಗ ಅದೇ ಹಾರ್ಮೋನು ಹೊಟ್ಟೆಗೂ "ನಿಧಾನ" ಅಂತ ಹೇಳುತ್ತದೆ. ಒಬ್ಬಟ್ಟು ತಿಂದ ಮೇಲೆ ಸಂಜೆಯವರೆಗೂ ಹೊಟ್ಟೆ ಕಲ್ಲಿನಂತೆ ಇರುವುದು, ಹುಳಿತೇಗು ಬರುವುದು ಇದಕ್ಕೇ. ಈ ಬ್ರೇಕು ಎಲ್ಲರಿಗೂ ಒಂದೇ ಹದದಲ್ಲಿ ಇರುವುದಿಲ್ಲ. ಎರಡು ವಾರ ಕೊಬ್ಬು ಜಾಸ್ತಿ ಇರುವ ಊಟ ಮಾಡಿದವರ ಹೊಟ್ಟೆ, ಕೊಬ್ಬಿನ ಊಟವನ್ನು ಮೊದಲಿಗಿಂತ ಬೇಗ ಖಾಲಿ ಮಾಡುವುದು ಪ್ರಯೋಗಗಳಲ್ಲಿ ಕಂಡಿದೆ. ತಮ್ಮ ಗೊರಕೆ ಹೊಡೆದಿದ್ದರ ಗುಟ್ಟು ಇಷ್ಟೇ. ಅವನ ಹೊಟ್ಟೆಗೆ ದಿನಾ ಪ್ರಾಕ್ಟೀಸ್ ಇದೆ. ಅವನ ಆರೋಗ್ಯ ಅಣ್ಣನಿಗಿಂತ ಚೆನ್ನಾಗಿದೆ ಅಂತ ಇದರಿಂದ ತಿಳಿಯಬೇಕಾಗಿಲ್ಲ. ಅವನ ಶುಗರ್ ಯಾರೂ ನೋಡಿಲ್ಲ, ಅಲ್ವಾ?

ಕರುಳಿನ ಬ್ಯಾಕ್ಟೀರಿಯಾಗಳದು ಇನ್ನೊಂದು ಸಂಸಾರ. ಅವು ಮನೆಯಜಮಾನ ಏನು ತಿನ್ನುತ್ತಾನೋ ಅದಕ್ಕೆ ತಕ್ಕಂತೆ ಬದಲಾಗುತ್ತವೆ, ಅದೂ ನಾವು ಅಂದುಕೊಂಡಿದ್ದಕ್ಕಿಂತ ಬೇಗ. ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಲವರಿಗೆ ಐದು ದಿನ ಬರೀ ಮಾಂಸ, ಮೊಟ್ಟೆ, ಚೀಸ್ ಕೊಟ್ಟರು. ಪಿತ್ತರಸ ತಡೆದುಕೊಳ್ಳುವ ಬ್ಯಾಕ್ಟೀರಿಯಾಗಳು ಆ ಐದು ದಿನದಲ್ಲೇ ಹೆಚ್ಚಿದವು. ಹಳೇ ಊಟಕ್ಕೆ ಮರಳಿದ ಕೆಲವೇ ದಿನಗಳಲ್ಲಿ ಮೊದಲಿನಂತಾದವು. ಹೊಟ್ಟೆ ಕೆಟ್ಟಿದೆ ಅಂದವರಿಗೆ ನಾನು ಇದನ್ನೇ ನೆನಪಿಸುತ್ತೇನೆ. ಕೆಟ್ಟಿಲ್ಲ, ಇನ್ನೊಂದು ಊಟಕ್ಕೆ ಹೊಂದಿಕೊಂಡು ಕೂತಿದೆ.

ಹಾಲು ಬಿಟ್ಟವರಿಗೂ ಹೀಗೆಯೇ. ಒಬ್ಬಟ್ಟಿಗೆ ಹಾಲು ಹಾಕಿಕೊಂಡು ಹೊಟ್ಟೆ ಗುಡುಗುಡು ಅಂದರೆ ಹಾಲಿನ ಸಕ್ಕರೆ ಅರಗದೆ ದೊಡ್ಡ ಕರುಳಿಗೆ ಹೋಗಿದೆ ಅಂತ. ನಮ್ಮಲ್ಲಿ ಬಹಳ ಜನಕ್ಕೆ ದೊಡ್ಡವರಾದ ಮೇಲೆ ಅದನ್ನು ಒಡೆಯುವ ಕಿಣ್ವ ಕಮ್ಮಿ. ದಿನಾ ಸ್ವಲ್ಪ ಕುಡಿಯುತ್ತಿದ್ದಾಗ ಬ್ಯಾಕ್ಟೀರಿಯಾಗಳು ಸಂಭಾಳಿಸಿಕೊಂಡು ಹೋಗುತ್ತಿದ್ದವು, ಬಿಟ್ಟ ಮೇಲೆ ಆ ಪಡೆ ಕರಗಿದೆ. ತುಪ್ಪವನ್ನು ಬೈಯಬೇಡಿ, ತುಪ್ಪದಲ್ಲಿ ಈ ಸಕ್ಕರೆ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ.

ತುಪ್ಪ ಒಗ್ಗಿ ಒಬ್ಬಟ್ಟು ಒಗ್ಗದವರೂ ಇದ್ದಾರೆ. ಅದೇ ದಿನ ಬೆಂಗಳೂರಿನಿಂದ ಹಬ್ಬಕ್ಕೆ ಬಂದಿದ್ದ ಒಬ್ಬ ಹುಡುಗ ಬಂದ. ಎರಡೂವರೆ ತಿಂಗಳಿಂದ ಕೀಟೋ. ಅನ್ನ, ಮುದ್ದೆ, ಬೇಳೆ ಯಾವುದೂ ಇಲ್ಲ. ಪನೀರ್, ಮೊಟ್ಟೆ, ತುಪ್ಪ. ಅಂಥವನ ಹೊಟ್ಟೆಗೆ ತುಪ್ಪ ಹೊಸದಲ್ಲ. ತೊಂದರೆ ಕೊಟ್ಟಿದ್ದು ಹೂರಣ. ತೊಗರಿಬೇಳೆಯಲ್ಲಿ ನಮಗೆ ಅರಗದ, ಬ್ಯಾಕ್ಟೀರಿಯಾಗಳಷ್ಟೇ ತಿನ್ನುವ ಸಕ್ಕರೆಗಳಿವೆ. ಬೇಳೆ ಬಿಟ್ಟು ತಿಂಗಳಾದವನು ಒಂದೇ ಸಲ ನಾಲ್ಕು ಒಬ್ಬಟ್ಟಿನ ಹೂರಣ ಇಳಿಸಿದರೆ ಹೊಟ್ಟೆ ತಮಟೆಯಾಗದೆ ಇನ್ನೇನು.

ಅವನು ಬಂದಿದ್ದು ಅದಕ್ಕಲ್ಲ. ಸುಮ್ನೆ ಕುತೂಹಲಕ್ಕೆ ಅಪ್ಪನ ಗ್ಲುಕೋಮೀಟರಿನಲ್ಲಿ ಬೆರಳು ಚುಚ್ಚಿಕೊಂಡಿದ್ದ. ಊಟವಾಗಿ ಒಂದು ಗಂಟೆಗೆ 196. ಮುಖದಲ್ಲಿ ರಕ್ತವೇ ಇರಲಿಲ್ಲ. "ನಂಗೂ ಬಂತಾ ಡಾಕ್ಟ್ರೇ?"

ತಿಂಗಳುಗಟ್ಟಲೆ ಪಿಷ್ಟ, ಸಕ್ಕರೆ ಬಿಟ್ಟವರ ಮೈ ಕೊಬ್ಬನ್ನು ಉರಿಸುವುದಕ್ಕೆ ಒಗ್ಗಿರುತ್ತದೆ. ಒಮ್ಮೆಗೇ ಬೆಲ್ಲ, ಮೈದಾ ಬಂದು ಬಿದ್ದರೆ ಇನ್ಸುಲಿನ್ ಕೆಲಸ ಸ್ವಲ್ಪ ಹಿಂದೆ ಬೀಳುತ್ತದೆ, ಶುಗರ್ ಜಿಗಿಯುತ್ತದೆ. ಗ್ಲುಕೋಸ್ ಕುಡಿಸಿ ಪರೀಕ್ಷೆ ಮಾಡುವ ಮೊದಲು ಮೂರು ದಿನ, ದಿನಕ್ಕೆ 150 ಗ್ರಾಂ ಆದರೂ ಕಾರ್ಬೋಹೈಡ್ರೇಟ್ ತಿಂದಿರಬೇಕು ಅನ್ನುವ ನಿಯಮ ಇರುವುದೇ ಇದಕ್ಕೆ. ಅವನಿಗೆ ನಾಲ್ಕು ದಿನ ಮನೆಯೂಟ ತಿನ್ನಿಸಿ ಆಮೇಲೆ ಪರೀಕ್ಷೆ ಮಾಡಿಸಿದೆವು. ನಾರ್ಮಲ್. ಅಪ್ಪನಿಗೆ ಇದೆಯಲ್ಲ, ವರ್ಷಕ್ಕೊಮ್ಮೆ ನೋಡಿಸಿಕೊಳ್ಳಪ್ಪ ಅಂದೆ.

ಅವನ ಇನ್ನೊಂದು ಅಳಲು, ಎರಡು ದಿನದಲ್ಲಿ ತೂಕ 2 ಕೆಜಿ ಏರಿದ್ದು. ಎರಡು ಕೆಜಿ ಕೊಬ್ಬು ಮೈಗೆ ಹತ್ತಬೇಕಾದರೆ ಖರ್ಚಾಗುವುದಕ್ಕಿಂತ 15,000 ಕ್ಯಾಲೊರಿ ಜಾಸ್ತಿ ತಿಂದಿರಬೇಕು. ಎಂಥಾ ಹಬ್ಬದಲ್ಲೂ ಅದು ಕಷ್ಟ. ಪಿಷ್ಟ ಮೈಯಲ್ಲಿ ಗ್ಲೈಕೋಜೆನ್ ಆಗಿ ಕೂಡಿಕೊಳ್ಳುವಾಗ ಒಂದು ಗ್ರಾಮಿಗೆ ಮೂರು ಗ್ರಾಮಿನಷ್ಟು ನೀರನ್ನೂ ಜೊತೆಗೆ ಹಿಡಿದುಕೊಳ್ಳುತ್ತದೆ. ಸಾರಿನ ಉಪ್ಪು ಇನ್ನಷ್ಟು ನೀರು ಹಿಡಿಯುತ್ತದೆ. ವಾರದಲ್ಲಿ ಇಳಿಯುತ್ತದೆ.

ಮಾಲೆ ಹಾಕಿ 41 ದಿನ ವ್ರತ ಮಾಡಿ ಬಂದವರು ಕೇಳುವುದು ಒಂದೇ: "ಮಾಂಸ ಅರಗಿಸೋ ಶಕ್ತಿ ಹೋಗಿರುತ್ತಾ?" ಇಲ್ಲ. ಬೇಳೆಯ ಪ್ರೋಟೀನ್ ಒಡೆಯುವ ಕಿಣ್ವಗಳೇ ಮಾಂಸದ್ದನ್ನೂ ಒಡೆಯುವುದು. ಭಾರವಾಗುವುದು ಕೊಬ್ಬು, ಮಸಾಲೆ, ಮತ್ತೆ ನಲವತ್ತೊಂದು ದಿನದ ಬಾಕಿ ಒಂದೇ ದಿನ ತೀರಿಸುವ ಆತುರ.

ತೂಕ ಇಳಿಸುವ ಇಂಜೆಕ್ಷನ್ ಈಗ ನಮ್ಮ ಊರಿಗೂ ಬಂದಿದೆ. ಅದು ಹೊಟ್ಟೆಯನ್ನೇ ನಿಧಾನ ಮಾಡುವ ಔಷಧ. ಅದರ ಮೇಲೆ ಬಾಡೂಟ ಬಿದ್ದರೆ ವಾಂತಿ ಗ್ಯಾರಂಟಿ ಅಂತಲೇ ಇಟ್ಟುಕೊಳ್ಳಿ. ಐದು ದಿನಕ್ಕಿಂತ ಜಾಸ್ತಿ ಏನೂ ತಿನ್ನದೆ ಉಪವಾಸ ಇದ್ದವರ ವಿಷಯ ಇದೆಲ್ಲಕ್ಕಿಂತ ಗಂಭೀರ. ಅವರು ಒಮ್ಮೆಗೇ ಹೊಟ್ಟೆ ತುಂಬ ಉಂಡರೆ ರಕ್ತದ ಲವಣಗಳು ದಿಢೀರ್ ಕುಸಿದು ಪ್ರಾಣಕ್ಕೇ ಅಪಾಯ. ಅಂಥವರು ಡಾಕ್ಟರ ಕಣ್ಣೆದುರೇ ಊಟ ಶುರು ಮಾಡಬೇಕು.

ನಾನೂ ಪೆಟ್ಟು ತಿಂದವನೇ. ಓದುವಾಗ ಕಾಮಾಲೆ ಆಗಿ, ಅಜ್ಜಿಯ ಕಟ್ಟುನಿಟ್ಟಿಗೆ ಒಂದು ತಿಂಗಳು ಎಣ್ಣೆ ಮುಟ್ಟಿರಲಿಲ್ಲ. (ಕಾಮಾಲೆಗೆ ಎಣ್ಣೆ ಪೂರ್ತಿ ಬಿಡಬೇಕಾಗಿಲ್ಲ ಅನ್ನುವುದು ಬೇರೆ ಮಾತು. ಅಜ್ಜಿಗೆ ಹೇಳುವ ಧೈರ್ಯ ನಂಗೆ ಈಗಲೂ ಇಲ್ಲ.) ಹಾಸ್ಟೆಲಿಗೆ ಮರಳಿದ ದಿನವೇ ಎರಡು ಬೆಣ್ಣೆ ಮಸಾಲೆ ದೋಸೆ. ಮಧ್ಯಾಹ್ನದ ಪೋಸ್ಟಿಂಗ್ ಪೂರ್ತಿ ಕಳೆದದ್ದು ಟಾಯ್ಲೆಟ್ಟಿನಲ್ಲಿ.

ಅಜ್ಜಿ ಒಂದನ್ನು ಮಾತ್ರ ಸರಿಯಾಗಿ ಹೇಳಿದ್ದರು: ಪಥ್ಯ ಹಿಡಿಯೋದು ಒಂದು ದಿನದ ಕೆಲಸ, ಬಿಡೋದು ಹದಿನೈದು ದಿನದ್ದು. ಬಾಣಂತಿಗೆ ಹೇಗೆ ಬಿಡಿಸುತ್ತಿದ್ದರು ನೋಡಿ. ಮೊದಲು ಮೆಣಸಿನ ಸಾರು, ತುಪ್ಪ. ಆಮೇಲೆ ಒಂದು ತರಕಾರಿ, ಎರಡು ದಿನ ನೋಡಿ ಇನ್ನೊಂದು. ನಾನು ಈಗ ಹೇಳುವುದೂ ಅದನ್ನೇ. ಹಬ್ಬ ಹದಿನೈದು ದಿನ ಇದೆ ಅನ್ನುವಾಗಲೇ ಒಗ್ಗರಣೆ ಶುರು ಮಾಡಿ. ಬೇಳೆ ಬಿಟ್ಟಿದ್ದರೆ ವಾರಕ್ಕೆ ಮೂರು ದಿನ ಒಂದು ಸೌಟು ಬೇಳೆ ಸಾರು. ಒಬ್ಬಟ್ಟು ಮಧ್ಯಾಹ್ನ ತಿನ್ನಿ, ರಾತ್ರಿಗೆ ಬೇಡ. ತಿಂದು ಎರಡು ಮೂರು ಗಂಟೆ ಮಲಗಬೇಡಿ. ತೂಕ ಇಳಿಸುವಾಗಲೂ ದಿನದ ಒಂದು ಊಟದಲ್ಲಾದರೂ ಎರಡು ಟೀ ಚಮಚ ಎಣ್ಣೆ ಇರಲಿ, ಪಿತ್ತಕೋಶದ ತೂಬು ದಿನಕ್ಕೊಮ್ಮೆ ಎತ್ತುವಷ್ಟು.

ರೇಷ್ಮೆಯವರ ಸ್ಕ್ಯಾನಿಂಗ್ ಬಂತು. ಹೂಳು, ಅದರೊಳಗೆ ಮೂರು ಸಣ್ಣ ಕಲ್ಲು. ಮುಂದಿನ ತಿಂಗಳಲ್ಲಿ ನೋವು ಇನ್ನೆರಡು ಸಲ ಬಂದಿದ್ದರಿಂದ ಸರ್ಜನ್ ಹತ್ತಿರ ಕಳಿಸಿದೆ, ಪಿತ್ತಕೋಶ ತೆಗೆದರು. ಹೊಲಿಗೆ ತೋರಿಸಲು ಬಂದಾಗ ಅವರಿಗೆ ಇದ್ದಿದ್ದು ಒಂದೇ ಪ್ರಶ್ನೆ. ಪಿತ್ತಕೋಶ ಇಲ್ಲದೆ ಬಾಡು ಅರಗುತ್ತಾ?

ಅರಗುತ್ತೆ ಅಂದೆ. ಕೆರೆ ಇಲ್ಲ, ನಾಲೆ ಇದೆ. ಲಿವರಿನಿಂದ ರಸ ನೇರವಾಗಿ ಕರುಳಿಗೆ ಇಳಿಯುತ್ತಿರುತ್ತದೆ. ಒಂದೆರಡು ತಿಂಗಳು ಕೊಬ್ಬು ಕಮ್ಮಿ ಇರಲಿ, ಕೆಲವರಿಗೆ ಭೇದಿ ಆಗುತ್ತೆ, ಆಮೇಲೆ ಮೆಲ್ಲಗೆ ಜಾಸ್ತಿ ಮಾಡಿ. ಬೋಟಿ ಕೊನೆಗೆ.

ಅವರು ಮನೆಯವರ ಕಡೆ ತಿರುಗಿದರು. "ಕೇಳಿಸ್ಕೊಂಡ್ಯಾ? ಮುಂದಿನ ವರ್ಷದ ಮಟನ್ ಚೀಟಿ ನಿಲ್ಲಿಸ್ಬೇಡ, ಕಟ್ಟು."

"ಆಗ್ಲೇ ಎರಡು ಕಂತು ಕಟ್ಟಿವ್ನಿ" ಅಂದರು ಅವರು.