ನಾಯಿ ಅವರ ಮನೆ ಮುಂದೆ ನಿಂತರೆ ಅವರೇ ಕಳ್ಳರಾ?

ಪ್ರಶ್ನೆ: ನಾವು ಊರಿಗೆ ಹೋಗಿದ್ದಾಗ ಮನೆ ಕಳ್ಳತನವಾಯಿತು. ಬೀರು ಒಡೆದು ಒಡವೆ ದೋಚಿದ್ದಾರೆ. ಶ್ವಾನದಳ ಬಂದಿತ್ತು. ನಾಯಿ ಬೀರು ಮೂಸಿ, ಹಿಂದಿನ ಬೀದಿಗೆ ಹೋಗಿ, ನಮ್ಮ ಮನೆಕೆಲಸದವಳ ಮನೆ ಮುಂದೆ ನಿಂತಿತು. ನಾವು ಇಲ್ಲದಾಗ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಲು ಅವಳು ಬರುತ್ತಿದ್ದಳು. ಪೊಲೀಸರು ವಿಚಾರಿಸಿ ಬಿಟ್ಟುಬಿಟ್ಟರು. ನಾಯಿಯೇ ತೋರಿಸಿದ ಮೇಲೆ ಇನ್ನೇನು ಸಾಕ್ಷಿ ಬೇಕು?

ಉತ್ತರ: ಊರು ಬೇರೆ, ಬೀದಿ ಬೇರೆ, ಪ್ರಶ್ನೆ ಮಾತ್ರ ಇದೇ. ಒಮ್ಮೆ ಮನೆಕೆಲಸದವರು, ಒಮ್ಮೆ ವಾಚ್‌ಮನ್, ಇನ್ನೊಮ್ಮೆ ಪಕ್ಕದ ಮನೆ ಹುಡುಗ. ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬರುತ್ತಲೇ ಇದೆ. ಹಾಗಾಗಿ ಈ ಸಲ ಬಿಡಿಸಿ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನಾಯಿ ಒಂದು ಮನೆ ಮುಂದೆ ನಿಂತಿತು ಅನ್ನುವುದೊಂದನ್ನೇ ಇಟ್ಟುಕೊಂಡು ಯಾರನ್ನೂ ಅಪರಾಧಿ ಅನ್ನಲು ಬರುವುದಿಲ್ಲ. ಅದು ತನಿಖೆಗೆ ಸಿಕ್ಕ ಒಂದು ಸುಳಿವು, ಅಷ್ಟೇ. ಪೊಲೀಸರು ಆ ಸುಳಿವು ಹಿಡಿದು ಹೋದರು, ಆಕೆಯನ್ನು ವಿಚಾರಿಸಿದರು, ಬೇರೇನೂ ಸಿಗದೆ ಬಿಟ್ಟರು. ಅವರು ಮಾಡಿದ್ದು ಸರಿಯಾಗಿಯೇ ಇದೆ.

ಇಷ್ಟು ಹೇಳಿದರೆ ಎಲ್ಲರೂ ಕೊಡುವ ಉತ್ತರ ಒಂದೇ: 'ಮನುಷ್ಯ ಸುಳ್ಳು ಹೇಳಬಹುದು, ನಾಯಿ ಹೇಳಲ್ಲ.' ಈ ಮಾತು ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಎಂದರೆ, ಓದಿದವರೂ ಇದನ್ನೇ ಹೇಳುತ್ತಾರೆ. ನಾಯಿ ಸುಳ್ಳು ಹೇಳುವುದಿಲ್ಲ, ಒಪ್ಪಿದೆ. ಆದರೆ ನಾವು ಅದಕ್ಕೆ ಕೇಳಿದ್ದೇನು? 'ಈ ವಾಸನೆ ಎಲ್ಲಿಗೆ ಹೋಗಿದೆ' ಎಂದು ಕೇಳಿದ್ದೇವೆ. ಅದು 'ಇಲ್ಲಿಗೆ' ಎಂದು ತೋರಿಸಿದೆ. ಕದ್ದವರು ಯಾರು ಎಂದು ನಾವು ಕೇಳಿಯೇ ಇಲ್ಲ. ಕೇಳುವುದಕ್ಕೂ ಆಗುವುದಿಲ್ಲ, ಯಾಕೆಂದರೆ ಕಳ್ಳತನ ಎಂದರೇನು ಎನ್ನುವುದೇ ನಾಯಿಗೆ ಗೊತ್ತಿಲ್ಲ.

ನಮ್ಮ ಮೈಯಿಂದ ಚರ್ಮದ ಸಣ್ಣ ಸಣ್ಣ ಕಣಗಳು ಸದಾ ಉದುರುತ್ತಿರುತ್ತವೆ. ಅವುಗಳ ಜೊತೆ ಬೆವರು, ಬ್ಯಾಕ್ಟೀರಿಯಾ ಸೇರಿ ಒಬ್ಬೊಬ್ಬರದ್ದೂ ಒಂದೊಂದು ವಾಸನೆ. ನಡೆದಲ್ಲೆಲ್ಲ ಅದು ಬೀಳುತ್ತದೆ, ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ. ಈಗ ನಿಮ್ಮ ಮನೆಯನ್ನೇ ನೋಡಿ. ಆ ಬೀರುವಿನ ಹಿಡಿ ಒರೆಸುವವರು ಯಾರು? ಅದರ ಮುಂದೆ ನೆಲ ಸಾರಿಸುವವರು ಯಾರು? ನೀವು ಊರಲ್ಲಿಲ್ಲದ ದಿನಗಳಲ್ಲೂ ನಿಮ್ಮ ಹೊಸ್ತಿಲಿನಿಂದ ಹಿಂದಿನ ಬೀದಿಗೆ ನಡೆದುಕೊಂಡು ಹೋಗಿದ್ದು ಯಾರು? ಆಕೆಯೇ. ಕಳ್ಳ ಕೈಗೆ ಗ್ಲೌಸ್ ಹಾಕಿಕೊಂಡು ಬಂದು, ಗೇಟಿನ ಹತ್ತಿರ ನಿಲ್ಲಿಸಿದ್ದ ಬೈಕ್ ಹತ್ತಿ ಹೋಗಿದ್ದರೆ ಅವನ ಜಾಡು ಅಲ್ಲೇ ಮುಗಿಯಿತು. ಆಕೆಯ ಜಾಡು ಮಾತ್ರ ಮನೆಯವರೆಗೂ ಹಾಗೇ ಇದೆ. ನಾಯಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದೆ. ತಪ್ಪು ಅರ್ಥ ಮಾಡಿಕೊಂಡಿದ್ದು ನಾವು.

ಇನ್ನೊಂದು ವಿಷಯ, ಇದನ್ನು ಜಾಸ್ತಿ ಜನ ಗಮನಿಸುವುದೇ ಇಲ್ಲ. ನಾಯಿ ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಹಗ್ಗದ ಈ ತುದಿಯಲ್ಲಿ ಹ್ಯಾಂಡ್ಲರ್, ಅಂದರೆ ಅದನ್ನು ಕರೆದುಕೊಂಡು ಓಡಾಡಿ ಕೆಲಸ ಮಾಡಿಸುವವರು, ಇರುತ್ತಾರೆ. ಒಳ್ಳೆಯ ಹ್ಯಾಂಡ್ಲರ್ ಕೆಲಸ ನೋಡಬೇಕು. ಉದ್ದನೆಯ ಹಗ್ಗ ಬಿಟ್ಟು ಹಿಂದೆ ಹಿಂದೆ ನಡೆಯುತ್ತಾರೆ. ಕೈ ತೋರಿಸುವುದಿಲ್ಲ, ಎಳೆಯುವುದಿಲ್ಲ. ನಾಯಿ ತಲೆ ಎತ್ತಿ ಗೊಂದಲಗೊಂಡರೆ ತಾವೂ ಸುಮ್ಮನೆ ನಿಲ್ಲುತ್ತಾರೆ. ಅದು ಮತ್ತೆ ಮೂಗು ನೆಲಕ್ಕಿಟ್ಟ ಮೇಲೆಯೇ ಹೆಜ್ಜೆ. ನಮ್ಮ ಬೀದಿಗಳಲ್ಲಿ ಆಗುವುದೇನು? ಹಿಂದೆ ಐವತ್ತು ಜನ, ಕೈಯಲ್ಲಿ ಮೊಬೈಲ್. ಗುಂಪಿನಲ್ಲಿ ಒಬ್ಬರು ಕೂಗುತ್ತಾರೆ: 'ಸಾರ್, ಅವಳ ಮನೆ ಆ ಕಡೆ ಇದೆ.' ಆ ಒಂದು ಮಾತು ಸಾಕು, ಇಡೀ ಪ್ರಯತ್ನ ಕೆಟ್ಟಂತೆ. ಹ್ಯಾಂಡ್ಲರ್ ಬೇಕೆಂದು ಏನೂ ಮಾಡದಿದ್ದರೂ, ಮನಸ್ಸಿನಲ್ಲಿ ಅನುಮಾನ ಕೂತರೆ ನಿಲ್ಲುವ ಭಂಗಿ, ಹಗ್ಗದ ಬಿಗಿ, ಕಣ್ಣಿನ ದಿಕ್ಕು ಬದಲಾಗುತ್ತದೆ. ನಾಯಿಗೆ ಅದೆಲ್ಲ ಗೊತ್ತಾಗುತ್ತದೆ.

ಇದು ನನ್ನ ಊಹೆಯಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಸಂಶೋಧಕರು ಮಾದಕವಸ್ತು, ಸ್ಫೋಟಕ ಪತ್ತೆ ಮಾಡುವ 18 ನಾಯಿಗಳನ್ನೂ ಅವುಗಳ ಹ್ಯಾಂಡ್ಲರ್‌ಗಳನ್ನೂ ಒಂದು ಚರ್ಚ್‌ಗೆ ಕರೆದು ಪರೀಕ್ಷೆ ಮಾಡಿದರು. 2011ರಲ್ಲಿ ಅದು ಪ್ರಕಟವಾಯಿತು. ಅಲ್ಲಿ ಏನನ್ನೂ ಬಚ್ಚಿಟ್ಟಿರಲಿಲ್ಲ. ಆದರೆ ಹ್ಯಾಂಡ್ಲರ್‌ಗಳಿಗೆ 'ಇರಬಹುದು' ಎಂದು ಹೇಳಿದ್ದರು. ಒಟ್ಟು 144 ಹುಡುಕಾಟ. ಅದರಲ್ಲಿ 'ಇಲ್ಲೇನೂ ಇಲ್ಲ' ಎಂದು ಸರಿಯಾಗಿ ಮುಗಿದದ್ದು ಬರೀ 21. ಉಳಿದದ್ದರಲ್ಲೆಲ್ಲ ಒಂದಲ್ಲ ಒಂದು ಕಡೆ 'ಸಿಕ್ಕಿತು' ಎಂಬ ವರದಿ ಬಂದಿತ್ತು. ತರಬೇತಿ ಪಡೆದ ನಾಯಿ, ಅನುಭವಿ ಹ್ಯಾಂಡ್ಲರ್ ಇದ್ದೂ ಹೀಗಾದರೆ, ಗುಂಪು ಸೇರಿದ ಬೀದಿಯ ಕಥೆ ಹೇಳಬೇಕಾ?

ನಮ್ಮ ನ್ಯಾಯಾಲಯಗಳು ಇದನ್ನು ಯಾವಾಗಲೋ ಯೋಚಿಸಿವೆ. ಮಹಾರಾಷ್ಟ್ರದಲ್ಲಿ ರೈಲು ಹಳಿ ತಪ್ಪಿಸಿದ ಅಬ್ದುಲ್ ರಜಾಕ್ ಪ್ರಕರಣ 1969ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಾಗ, ಇಂಥ ಸಾಕ್ಷ್ಯಕ್ಕೆ ಇರುವ ಆಕ್ಷೇಪಗಳನ್ನು ನ್ಯಾಯಾಲಯ ಎತ್ತಿ ಹೇಳಿತು. ನಾಯಿ ಕಟಕಟೆ ಹತ್ತಿ ಪ್ರಮಾಣ ಮಾಡಿ ಹೇಳಲಾರದು, ಅದರ ಪರವಾಗಿ ಹ್ಯಾಂಡ್ಲರ್ ಮಾತಾಡಬೇಕು. ಮನುಷ್ಯನ ಸ್ವಾತಂತ್ರ್ಯ ಒಂದು ನಾಯಿಯ ಊಹೆಯ ಮೇಲೆ ನಿಲ್ಲಬಾರದು. 1993ರಲ್ಲಿ ದೆಹಲಿಯ ಸುರೀಂದರ್ ಪಾಲ್ ಜೈನ್ ಪ್ರಕರಣದಲ್ಲಿ ನಾಯಿ ತೋರಿಸಿದ್ದು ಕೊಲೆಯಾದ ಹೆಂಗಸಿನ ಗಂಡನನ್ನು. ಸುಪ್ರೀಂ ಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ನಾಯಿ ಹೀಗೆ ತೋರಿಸುವುದರಿಂದ ಅನುಮಾನ ದಾರಿ ತಪ್ಪಲೂಬಹುದು ಎಂದಿತು. ಅದೇ ಮನೆಯಲ್ಲಿ ಇದ್ದ ಗಂಡನ ವಾಸನೆ ಅಲ್ಲಿ ಇರದೆ ಇನ್ನೆಲ್ಲಿ ಇರುತ್ತದೆ ಹೇಳಿ? ಮುಂದೆ 2001ರಲ್ಲಿ ಆಂಧ್ರದ, 2008ರಲ್ಲಿ ಅಸ್ಸಾಮಿನ ಪ್ರಕರಣಗಳಲ್ಲೂ ಅದೇ ನಿಲುವು: ತನಿಖೆಗೆ ನಾಯಿಯನ್ನು ಧಾರಾಳವಾಗಿ ಬಳಸಿ, ತಪ್ಪು ಸಾಬೀತು ಮಾಡಲು ಅದನ್ನು ನೆಚ್ಚಬೇಡಿ.

ಹಾಗೆಂದು ಶ್ವಾನದಳ ದಂಡ ಎಂದು ಯಾರೂ ತಿಳಿಯಬಾರದು. 2020ರ ಜುಲೈನಲ್ಲಿ ದಾವಣಗೆರೆ ಜಿಲ್ಲೆಯ ಕೊಲೆ ಪ್ರಕರಣವೊಂದರಲ್ಲಿ ತುಂಗಾ ಎಂಬ ಡಾಬರ್‌ಮನ್ ಸುಮಾರು 11 ಕಿಲೋಮೀಟರ್ ಜಾಡು ಹಿಡಿದು ಓಡಿ ಪೊಲೀಸರಿಗೆ ದಾರಿ ತೋರಿಸಿತು. ಆ ಸುದ್ದಿ ಓದಿ ನನಗೂ ಹೆಮ್ಮೆಯಾಗಿತ್ತು. ಆದರೆ ತುಂಗಾ ಕೊಟ್ಟದ್ದು ದಿಕ್ಕು. ನಾಯಿ ನಿಂತ ಕಡೆ ಪೊಲೀಸರ ಕೆಲಸ ಶುರುವಾಗುತ್ತದೆ: ಕದ್ದ ಮಾಲು ಸಿಗಬೇಕು, ಬೆರಳಚ್ಚು ಹೊಂದಬೇಕು, ಫೋನ್ ಎಲ್ಲಿತ್ತು ನೋಡಬೇಕು, ಪಂಚರ ಮುಂದೆ ಮಹಜರು ಆಗಬೇಕು. ನಿಮ್ಮ ಪ್ರಕರಣದಲ್ಲಿ ಆಕೆಯ ಮಟ್ಟಿಗೆ ಇವು ಯಾವುದೂ ಇಲ್ಲ. ಆಕೆಯನ್ನು ಕೆಲಸದಿಂದ ಬಿಡಿಸಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಬಿಡಿಸಿದ್ದರೆ ಇವತ್ತೇ ಹೋಗಿ ಮಾತಾಡಿ. ಪೊಲೀಸ್ ನಾಯಿ ಮನೆ ಬಾಗಿಲಿಗೆ ಬಂದದ್ದನ್ನು ಇಡೀ ಬೀದಿ ನೋಡಿದೆ. ನಾಳೆ ಬೇರೆ ಮನೆಯವರು ಆಕೆಗೆ ಕೆಲಸ ಕೊಡುತ್ತಾರಾ, ಯೋಚಿಸಿ.

ನೀವು ಕೇಳದಿದ್ದರೂ ಇನ್ನೊಂದು ಮಾತು ಹೇಳಿಬಿಡುತ್ತೇನೆ, ಖಾರದ ಪುಡಿ ವಿಷಯ. ಕಳ್ಳರು ಮನೆ ತುಂಬ ಖಾರದ ಪುಡಿ ಎರಚಿ ಹೋದರು ಎಂಬ ಸುದ್ದಿ ಆಗಾಗ ಬರುತ್ತದೆ. ನಾಯಿ ಮೂಗಿಗೆ ಅದು ಉರಿ, ನಿಜ. ಹ್ಯಾಂಡ್ಲರ್ ಅದನ್ನು ಆ ಪುಡಿಯೊಳಗೆ ಬಿಡುವುದೂ ಇಲ್ಲ. ಆದರೆ ಪುಡಿ ಇರುವುದು ಎರಚಿದ ಜಾಗದಲ್ಲಿ ಮಾತ್ರ. ಕಾಂಪೌಂಡಿನ ಆಚೆ, ಗೇಟಿನ ಹೊರಗೆ ನಾಯಿಯನ್ನು ಸುತ್ತಾಡಿಸಿದರೆ ಜಾಡು ಸಿಗುವ ಅವಕಾಶ ಇದ್ದೇ ಇದೆ. ಮೇಲಾಗಿ ಆ ಪುಡಿಯ ಮೇಲೆ ಚಪ್ಪಲಿ ಗುರುತು ಮೂಡಿರಬಹುದು, ಬಿಸಾಡಿದ ಪ್ಯಾಕೆಟ್ ಮೇಲೆ ಬೆರಳಚ್ಚು ಇರಬಹುದು. ಆದರೆ ಮನೆಯವರು ಮಾಡುವ ಮೊದಲ ಕೆಲಸವೇ ಪೊರಕೆ ಹಿಡಿಯುವುದು. ಸೀನು ಬರುತ್ತದೆ, ಕಣ್ಣು ಉರಿಯುತ್ತದೆ, ಅರ್ಥವಾಗುತ್ತದೆ. ಆದರೂ ಗುಡಿಸಬೇಡಿ, ಒರೆಸಬೇಡಿ, ಬೀರು ಮುಟ್ಟಿ ನೋಡಬೇಡಿ, ನೆಂಟರನ್ನು ಒಳಗೆ ಕರೆದು ತೋರಿಸಬೇಡಿ. 112ಕ್ಕೆ ಫೋನ್ ಮಾಡಿ, ಪೊಲೀಸರು ಬರುವವರೆಗೆ ಹೊರಗೆ ಇರಿ. ಶ್ವಾನದಳ ಬಂದಾಗ ಆ ಮನೆಗೆ ದಿನಾ ಬಂದು ಹೋಗುವವರು ಯಾರು ಯಾರು ಎಂದು ತನಿಖಾಧಿಕಾರಿಗೆ ಪಕ್ಕಕ್ಕೆ ಕರೆದು ಹೇಳಿ. ಹ್ಯಾಂಡ್ಲರ್ ಕಿವಿಗೆ ಬೀಳುವಂತೆ ಮಾತ್ರ ಯಾರ ಹೆಸರನ್ನೂ ಎತ್ತಬೇಡಿ.