ತಟ್ಟೆಯ ಸದ್ದಿಗೆ ತಿರುಗಿದರೆ ಸಾಲದು

ಸಿಂಧನೂರು ಕಡೆಯ ಅಜ್ಜಿಯೊಬ್ಬರು ಮೊಮ್ಮಗಳನ್ನು ಎತ್ತಿಕೊಂಡು ರಾಯಚೂರಿನ ನನ್ನ ಶ್ರವಣ ತಪಾಸಣೆಯ ಕೊಠಡಿಗೆ ಬಂದಿದ್ದರು. ಮಗುವಿಗೆ ಎರಡೂವರೆ ವರ್ಷ. ‘ಅವ್ವ’ ಬಿಟ್ಟರೆ ಬೇರೆ ಮಾತಿಲ್ಲ. ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದಾಗಿತ್ತು, ಹರಕೆಯನ್ನೂ ಹೊತ್ತಿದ್ದಾಗಿತ್ತು. ‘ಕಿವಿ ಚೆನ್ನಾಗಿಯೇ ಇದೆ, ತಟ್ಟೆ ಬಡಿದರೆ ತಿರುಗಿ ನೋಡುತ್ತಾಳೆ. ಅವರಪ್ಪನಿಗೂ ಮಾತು ತಡವಾಗಿಯೇ ಬಂತು’ ಎಂದರು.

ಮಗುವಿನ ಬೆನ್ನ ಹಿಂದೆ, ನನ್ನ ನೆರಳು ಅವಳ ಮುಂದೆ ಬೀಳದಂತೆ ಕುಳಿತು ‘ಊ’ ಎಂದೆ. ತಿರುಗಿದಳು. ಅಲ್ಲಿಂದಲೇ ‘ಸ್‌ಸ್’ ಎಂದೆ. ಗೊಂಬೆಯ ಕೂದಲು ಎಳೆಯುತ್ತಲೇ ಇದ್ದಳು. ಇನ್ನೊಮ್ಮೆ ಎಂದಾಗಲೂ ಅಷ್ಟೇ. ಅಜ್ಜಿ ಮಾತು ನಿಲ್ಲಿಸಿ ಮೊಮ್ಮಗಳನ್ನೇ ನೋಡತೊಡಗಿದರು. ಆಮೇಲೆ ಮಗು ನಿದ್ದೆಯಲ್ಲಿದ್ದಾಗ ಮಾಡಿದ, ಸದ್ದಿಗೆ ಕಿವಿಯ ನರ ಮತ್ತು ಮಿದುಳು ಸ್ಪಂದಿಸುವುದನ್ನು ಅಳೆಯುವ ಬೆರಾ ಪರೀಕ್ಷೆಯಲ್ಲಿ ಎರಡೂ ಕಿವಿಗಳ ದೋಷ ಖಚಿತವಾಯಿತು.

ಪೂರ್ತಿ ಕೇಳಿಸದ ಮಕ್ಕಳು ಕಡಿಮೆ, ಅರೆಬರೆ ಕೇಳಿಸುವವರೇ ಹೆಚ್ಚು. ಹತ್ತಿರದಲ್ಲಿ ಬಡಿದ ತಟ್ಟೆ, ಬಾಗಿಲ ಮುಂದೆ ಹೋದ ಟ್ರ್ಯಾಕ್ಟರ್ ಅವರಿಗೆ ಕೇಳಿಸುತ್ತವೆ. ಸಾಮಾನ್ಯ ಮಾತು ಇವುಗಳಿಗಿಂತ ಬಹಳ ಮೆಲ್ಲಗಿನದು. ಮಾತಿನ ಒಳಗೂ ಎಲ್ಲ ಅಕ್ಷರಗಳಿಗೆ ಒಂದೇ ಬಲವಿಲ್ಲ: ಸ್ವರಗಳು ಗಟ್ಟಿ, ‘ಸ’ಕಾರ ಕ್ಷೀಣ. ಅದರ ಶಕ್ತಿಯ ಬಹುಪಾಲು ಸುಮಾರು 4000 ಹರ್ಟ್ಸ್‌ಗಿಂತ ಮೇಲಿನ ಎತ್ತರದ ಶ್ರುತಿಯಲ್ಲಿರುತ್ತದೆ. ಅಲ್ಲಿ ಕಿವಿ ಸೋತರೆ ‘ಸಕ್ಕರೆ’ ಎಂಬುದು ‘ಅಕ್ಕರೆ’ಯಾಗಿ ಒಳಗೆ ಹೋಗುತ್ತದೆ. ಕಿವಿಗೆ ಬಾರದ್ದು ಬಾಯಿಗೆ ಬರುವುದು ಹೇಗೆ? ಇದಕ್ಕೆ ಬಜೆ ಮದ್ದಲ್ಲ. ಅಜ್ಜಿಯಂದಿರ ಪ್ರೀತಿಯ ಬಗ್ಗೆ ನನಗೆ ಗೌರವವಿದೆ. ನನ್ನ ತಕರಾರು ಕಾಯುವುದರ ಬಗ್ಗೆ ಮಾತ್ರ.

ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ದೋಷದ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ. ನಮ್ಮ ವೃತ್ತಿಯಲ್ಲಿ ಪಾಲಿಸುವ ಲೆಕ್ಕವಿದು. ಸದ್ದಿಗೆ ಒಳಗಿವಿ ಹೊರಡಿಸುವ ಮರುಸದ್ದನ್ನು ಅಳೆಯುವ, ನವಜಾತ ಶಿಶುವಿನ ಓಎಇ ತಪಾಸಣೆ ನೋವಿಲ್ಲದೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಅದು ತಪ್ಪಿಹೋಗಿದ್ದರೂ ದಾರಿಯಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ಬರುತ್ತವೆ. ಅನುಮಾನವಿದ್ದರೆ ಅವರ ಮುಂದೆ ಬಾಯಿಬಿಟ್ಟು ಹೇಳಿ. ಸೋದರಮಾವನೊಂದಿಗೆ ಅಥವಾ ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹುಟ್ಟು ಕಿವುಡಿನ ಸಾಧ್ಯತೆ ಹೆಚ್ಚು. ಅಂಥವರಂತೂ ಕಾಯಲೇಬಾರದು. ಕಿವಿ ಸೋರುತ್ತಿದ್ದರೆ ಎಣ್ಣೆ ಬಿಡದೆ ವೈದ್ಯರಿಗೆ ತೋರಿಸಿ.

ಮನೆಯಲ್ಲಿ ತೆಲುಗು, ಓಣಿಯಲ್ಲಿ ಉರ್ದು, ಅಂಗನವಾಡಿಯಲ್ಲಿ ಕನ್ನಡ ಎಂಬ ಕಾರಣಕ್ಕೆ ಮಾತು ತಡವಾಯಿತು ಎನ್ನುವವರಿದ್ದಾರೆ. ಹಲವು ಭಾಷೆ ಕೇಳುವುದರಿಂದ ಯಾವ ಮಗುವೂ ಮೂಕವಾಗುವುದಿಲ್ಲ.

ಶ್ರವಣ ಯಂತ್ರ ಹಾಕಿದ ದಿನವೇ ಮಾತು ಬರುವುದೂ ಇಲ್ಲ. ಹೊಸ ಕಿವಿಗೆ ಆ ದಿನ ಇನ್ನೂ ಒಂದು ದಿನದ ವಯಸ್ಸು. ಎಚ್ಚರವಿರುವಷ್ಟು ಹೊತ್ತೂ ಯಂತ್ರ ಕಿವಿಯಲ್ಲಿರಬೇಕು. ಆದರೆ ಬೀಗರು ಬಂದ ಕೂಡಲೇ ಅದನ್ನು ತೆಗೆದಿಡುವ ಮನೆಗಳನ್ನು ನಾನು ಬಲ್ಲೆ, ಹೆಣ್ಣು ಮಗುವಾದರೆ ಇನ್ನೂ ಬೇಗ. ಮುಂದಿನ ಮದುವೆಯ ಚಿಂತೆಗೆ ಇಂದಿನ ಮಾತನ್ನು ಬಲಿಕೊಡುವುದು ನೋಡಿದರೆ ಸಂಕಟವಾಗುತ್ತದೆ. ನಮ್ಮ ಬೇಸಿಗೆಯ ಬೆವರು ಯಂತ್ರದೊಳಗೆ ಇಳಿಯುತ್ತದೆ. ರಾತ್ರಿ ಅದನ್ನು ಒರೆಸಿ, ತೇವ ಹೀರುವ ಹರಳುಗಳಿರುವ ಡಬ್ಬಿಯಲ್ಲಿಡಿ.

ಆ ಅಜ್ಜಿ ಯಂತ್ರವನ್ನು ತೆಗೆದಿಡಲಿಲ್ಲ. ಟಿವಿ ಆರಿಸಿ, ಮೊಮ್ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡು ರೊಟ್ಟಿ ತಟ್ಟುತ್ತಾ ಹಿಟ್ಟು, ನೀರು, ಹೆಂಚು ಎಂದು ಹೇಳುತ್ತಾ ಹೋದರು. ವರ್ಷ ಕಳೆದ ಮೇಲೆ ಬಂದಾಗ ಹುಡುಗಿ ಸಕ್ಕರೆ ಡಬ್ಬಿಯತ್ತ ಕೈ ತೋರಿಸಿ ‘ಚಕ್ಕರೆ’ ಎಂದಳು. ‘ಇನ್ನೂ ಸರಿಯಾಗಿ ಬರುವುದಿಲ್ಲ’ ಎಂದು ಅಜ್ಜಿ ಬೇಸರಪಟ್ಟರು. ನನಗೆ ಮಾತ್ರ ಕಣ್ಣು ತುಂಬಿತು. ಮೊದಲು ಆ ಜಾಗದಲ್ಲಿ ಅವಳಿಗೆ ಸದ್ದೇ ಇರಲಿಲ್ಲ.